ಬ್ರೇಕಿಗೆ ಹಚ್ಚಿದ ಕುಸುಬಿ ಎಣ್ಣೆ

ನನ್ನ ಹೆಂಡತಿ ಅಂಕಿತಾ ಕಾರು ಓಡಿಸುವುದನ್ನು ನೋಡಿದವರು ಮೊದಲು ನನ್ನ ಕಡೆ ತಿರುಗುತ್ತಾರೆ. ‘ಅಲ್ರೀ ನಂದೀಶಣ್ಣ, ನೀವು ಬಾಜೂಕ ಕುಂಡ್ರತೀರೇನು?’ ಎಂದು ಕೇಳುತ್ತಾರೆ. ಕುಳಿತುಕೊಳ್ಳುತ್ತೇನೆ. ಕಣ್ಣು ಮುಚ್ಚಿಕೊಂಡು ಕುಳಿತುಕೊಳ್ಳುತ್ತೇನೆ. ಬೆಟಗೇರಿಯಲ್ಲಿ ಎಣ್ಣೆಯ ಗಾಣ ಇಟ್ಟುಕೊಂಡವನು ನಾನು. ಗಾಣ ಒಂದೇ ಜಾಗದಲ್ಲಿ ಸುತ್ತುತ್ತದೆ, ಯಾರ ಮೈಮೇಲೂ ಬರುವುದಿಲ್ಲ. ನನ್ನ ಸ್ವಭಾವಕ್ಕೆ ಅಷ್ಟು ವೇಗ ಸಾಕು.

ಅಂಕಿತಾ ಲಕ್ಷ್ಮೇಶ್ವರದವಳು. ಅವಳ ಅಪ್ಪ ನಿಜಲಿಂಗಪ್ಪನವರು ಒಣಮೆಣಸಿನಕಾಯಿ ವ್ಯಾಪಾರಿ. ಮಗಳಿಗೆ ಲೈಸೆನ್ಸ್ ಬಂದ ವಾರವೇ ಪಿಕಪ್ ಗಾಡಿಯ ಕೀಲಿ ಕೈಗಿಟ್ಟು, ಚೀಲ ಹೇರಿ ಶಿರಹಟ್ಟಿಗೆ ಕಳಿಸಿದ ಮನುಷ್ಯ. ಈಗ ನಮ್ಮ ಗಾಣದ ಎಣ್ಣೆ ಡಬ್ಬಿಗಳನ್ನು ಮುಂಡರಗಿಯ ಅಂಗಡಿಗಳವರೆಗೆ ಮುಟ್ಟಿಸುವವಳೂ ಅವಳೇ. ಒಂದು ಹನಿ ಚೆಲ್ಲುವುದಿಲ್ಲ. ಆದರೆ ಅವಳ ಜೀವವಿರುವುದು ಪಿಕಪ್ಪಿನಲ್ಲಲ್ಲ, ಹುಬ್ಬಳ್ಳಿಯ ಡಾಕ್ಟರೊಬ್ಬರಿಂದ ಕೊಂಡ ಹಳೆಯ ಕೆಂಪು ಕಾರಿನಲ್ಲಿ. ವರ್ಷಕ್ಕೊಮ್ಮೆ ಅದನ್ನು ಕೊಯಮತ್ತೂರಿನ ಹತ್ತಿರದ ರೇಸ್ ಟ್ರ್ಯಾಕಿಗೆ ಒಯ್ಯುತ್ತಾಳೆ. ಅವತ್ತು ಅಲ್ಲಿ ಪಂದ್ಯವಿಲ್ಲ, ಬಹುಮಾನವಿಲ್ಲ. ಮನೆಯ ಕಾರನ್ನೇ ತಂದು, ಎದುರಿಗೆ ಲಾರಿ, ಎಮ್ಮೆ, ಬೀಗರು ಯಾರೂ ಬಾರದ ದಾರಿಯಲ್ಲಿ ಮನಸೋ ಇಚ್ಛೆ ಓಡಿಸಬಹುದು. ಟ್ರ್ಯಾಕ್ ಡೇ ಎನ್ನುತ್ತಾರೆ. ವರ್ಷವೆಲ್ಲ ಅವಳು ಆ ಒಂದು ದಿನಕ್ಕಾಗಿ ಕಾಯುತ್ತಾಳೆ.

ಹೋದ ವರ್ಷ ಅಲ್ಲಿ ಬ್ರೇಕ್ ಕಾದು ಕೈಕೊಟ್ಟಿತು. ಉದ್ದನೆಯ ನೇರ ದಾರಿಯ ಕೊನೆಗೆ ಪೆಡಲ್ ಒತ್ತಿದರೆ ನಾದಿದ ಹಿಟ್ಟಿನ ಮೇಲೆ ಕಾಲಿಟ್ಟಂತಾಯಿತಂತೆ. ಕಾರು ತಿರುವು ಬಿಟ್ಟು, ತಪ್ಪಿದವರಿಗೆಂದೇ ಹರವಿಟ್ಟ ಜಲ್ಲಿಯಲ್ಲಿ ಹೂತು ನಿಂತಿತು. ಯಾರಿಗೂ ಒಂದು ಗೀರು ಬೀಳಲಿಲ್ಲ. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ನನ್ನ ತಂಗಿಯ ಮಗಳು ಸ್ನೇಹಾ ಆ ವಿಡಿಯೋವನ್ನು ಅಜ್ಜಿಗೆ ತೋರಿಸಿಬಿಟ್ಟಳು. ಅಜ್ಜಿ ಎಂದರೆ ನನ್ನ ಅವ್ವ, ಕಸ್ತೂರೆವ್ವ.

‘ನಿಲ್ಲಲಾರದ ಗಾಡಿ ಹತ್ತಿ ನನ್ನ ಸೊಸಿ ಎಲ್ಲಿಗೂ ಹೋಗಂಗಿಲ್ಲ,’ ಎಂದಳು ಅವ್ವ. ‘ಬ್ರೇಕ್ ಸರಿ ಆಗೋಮಟ ಆ ಊರಿನ ಹೆಸರು ಈ ಮನ್ಯಾಗ ತೆಗೀಬ್ಯಾಡ್ರಿ.’

ಅಂಕಿತಾ ಹೆದರುವವಳಲ್ಲ. ಆದರೆ ಅತ್ತೆ ಮುಖ ಊದಿಸಿಕೊಂಡು ಬಾಗಿಲಲ್ಲಿ ನಿಂತಿರುವಾಗ ಹೊರಟುಹೋಗಿ ಖುಷಿಯಿಂದ ಕಾರು ಓಡಿಸುವುದು ಅವಳಿಂದ ಆಗದ ಮಾತು. ಹಾಗಾಗಿ ಬ್ರೇಕ್ ಹುಡುಕಾಟ ಶುರುವಾಯಿತು. ನನ್ನ ಕಿವಿಗೆ ಅವತ್ತಿನಿಂದ ಬಿಡುವಿಲ್ಲ.

ಮಲ್ಲಸಮುದ್ರದ ರಸ್ತೆಯಲ್ಲಿ ರಹಮಾನಸಾಬನ ಗ್ಯಾರೇಜಿದೆ. ಅವನು ತೂತು ತೂತಾದ, ಥಳಥಳಿಸುವ ಒಂದು ಡಿಸ್ಕ್ ಹಿಡಿದುಕೊಂಡು ಬಂದ. ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಅವುಚಿ ಹಿಡಿದರೆ ಗಾಡಿ ನಿಲ್ಲುತ್ತದೆ.

‘ಅಕ್ಕಾರ, ಇದನ್ನ ಹಾಕಸ್ರಿ. ಚಕ್ರದೊಳಗಿಂದ ಹೆಂಗ ಮಿಂಚತೈತಿ ನೋಡ್ರಿ! ಗದಗಿನ್ಯಾಗ ಯಾರ ಗಾಡಿಗೂ ಇಲ್ಲ.’

‘ನೋಡಾಕ ಚಂದ ಐತಿ ರಹಮಾನಣ್ಣ. ಆದ್ರ ಟ್ರ್ಯಾಕಿನ್ಯಾಗ ಕಾದು ಆರಿ, ಕಾದು ಆರಿ, ಆ ತೂತಿನ ಕಡಿಂದ ಸೀಳು ಬಿಡತೈತಿ. ನನಗ ತೂತಿಲ್ಲದ್ದು, ದಪ್ಪಂದು ಕೊಡ್ರಿ. ಕಬ್ಬಣ ಹೆಚ್ಚಿದ್ದಷ್ಟು ಕಾವು ತಡೀತೈತಿ.’

ರಹಮಾನಸಾಬ ಆ ಡಿಸ್ಕನ್ನು ಒರೆಸಿ, ಬೇಜಾರಿನಿಂದ ಒಳಗಿಟ್ಟ.

ಪ್ಯಾಡಿನ ಪಾಠ ನಡೆದದ್ದು ನಮ್ಮ ಅಡುಗೆಮನೆಯಲ್ಲಿ. ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ತಾಟು ಹಿಡಿದು ಕಾಯುತ್ತಿದ್ದೆ.

‘ರೇಸಿನ ಪ್ಯಾಡ್ ಅಂದ್ರ ಈ ಹಂಚಿದ್ದಂಗ,’ ಎಂದಳು ಅಂಕಿತಾ. ‘ಕಾದ ಮ್ಯಾಲ ಕೆಲಸ ಮಾಡತೈತಿ, ತಣ್ಣಗಿದ್ದಾಗ ಇಲ್ಲ. ಮುಂಜಾನಿ ಗಾಡಿ ತಗದು ಓಣಿ ದಾಟೋದ್ರಾಗ ಎಮ್ಮಿ ಅಡ್ಡ ಬಂದ್ರ ಏನ್ ಮಾಡ್ತೀರಿ?’

‘ಎಮ್ಮಿಗೆ ಕೈ ಮುಗೀತೀನಿ,’ ಎಂದೆ ನಾನು.

‘ಊರಾಗ ಓಡಸೋ ಪ್ಯಾಡ್ ತಣ್ಣಗಿದ್ದಾಗ ಚಲೋ ಹಿಡೀತೈತಿ, ಬಾಳ ಕಾದ್ರ ಜಾರತೈತಿ. ನನಗ ಎರಡರ ನಡುವಿಂದು ಬೇಕು. ಅದೇ ಗಾಡಿ ತಗೊಂಡು ಹೋಗಬೇಕು, ಅದೇ ಗಾಡೀಲೆ ಬರಬೇಕು.’

ಅವ್ವ ಕೇಳಿಸಿಕೊಳ್ಳದವಳಂತೆ ರೊಟ್ಟಿ ತಿರುವಿ ಹಾಕಿದಳು.

ಆ ನಡುವಿನ ಪ್ಯಾಡ್ ಪುಣೆಯಿಂದ ಬರಬೇಕಿತ್ತು. ಬರಬೇಕು ಎಂದಾಗ ಬರಲಿಲ್ಲ. ಕೊನೆಗೂ ಡಿಸ್ಕ್, ಪ್ಯಾಡ್ ಎಲ್ಲ ಒಂದೇ ಡಬ್ಬಿಯಲ್ಲಿ ಬಂದಾಗ ಟ್ರ್ಯಾಕ್ ಡೇಗೆ ಒಂದು ವಾರವೂ ಉಳಿದಿರಲಿಲ್ಲ.

ಅವತ್ತು ಸೋಮವಾರ. ಎತ್ತಿನ ಕಾಲದಿಂದಲೂ ನಮ್ಮಲ್ಲಿ ಸೋಮವಾರ ಗಾಣ ಹೂಡುವುದಿಲ್ಲ. ಎತ್ತು ಹೋಗಿ ಮೋಟರ್ ಬಂತು, ಈಗ ಮೋಟರಿಗೂ ಸೋಮವಾರ ಬಿಡುವು. ಇನ್ನೊಂದು ರೂಢಿಯೂ ಇದೆ. ಮನೆಗೆ ಹೊಸ ಕಬ್ಬಿಣ ಏನೇ ಬರಲಿ, ಕುಡುಗೋಲಾಗಲಿ, ಸೈಕಲ್ಲಾಗಲಿ, ಅವ್ವ ಅದಕ್ಕೆ ನಮ್ಮ ಗಾಣದ ಕುಸುಬಿ ಎಣ್ಣೆ ಸವರಿ, ವಿಭೂತಿ ಎಳೆದು, ಕುಂಕುಮ ಇಟ್ಟ ಮೇಲೆಯೇ ಅದು ನಮ್ಮ ಮನೆಯದಾಗುವುದು. ಮಿಕ್ಸರಿಗೂ ಎಣ್ಣೆ ಬಿದ್ದಿದೆ. ನನ್ನ ಮೊದಲ ಮೊಬೈಲಿಗೂ ಬಿದ್ದಿತ್ತು. ಅದು ಬಹಳ ದಿನ ಬಾಳಲಿಲ್ಲ.

ಅಂಕಿತಾ ಮುಂಡರಗಿಯಿಂದ ವಾಪಸು ಬಂದಾಗ ನಾನು ಅಂಗಳದಲ್ಲಿದ್ದೆ. ಇಬ್ಬರೂ ಒಳಗೆ ಹೋದೆವು. ದೇವರ ಜಗಲಿಯ ಮುಂದೆ ಡಿಸ್ಕುಗಳು, ಪ್ಯಾಡುಗಳು ಸಾಲಾಗಿ ಕುಳಿತಿದ್ದವು. ಮೈತುಂಬ ಎಣ್ಣೆ, ಹಣೆ ಎಂದು ಅವ್ವನಿಗೆ ತೋರಿದಲ್ಲಿ ವಿಭೂತಿ, ಮೇಲೊಂದು ಚೆಂಡುಹೂವು. ಹೊಸ ಹಣತೆಯ ಹಾಗೆ ಪ್ಯಾಡುಗಳು ಎಣ್ಣೆಯನ್ನು ಕುಡಿದುಬಿಟ್ಟಿದ್ದವು. ಎಣ್ಣೆ ಕುಡಿದ ಪ್ಯಾಡ್ ಡಿಸ್ಕನ್ನು ಹಿಡಿಯುವುದಿಲ್ಲ, ಅದರ ಮೇಲೆ ಜಾರುತ್ತದೆ. ಇಷ್ಟು ದಿನದ ಪಾಠದಲ್ಲಿ ಅಷ್ಟು ನನಗೂ ತಿಳಿದಿತ್ತು.

‘ಎಲ್ಲಾ ಬೆರಳಿಲೆ ತಿಕ್ಕಿ ತಿಕ್ಕಿ ಹಚ್ಚೀನಿ ಯವ್ವಾ,’ ಎಂದಳು ಅವ್ವ. ಎಷ್ಟೋ ತಿಂಗಳ ನಂತರ ಅವಳ ಮುಖದಲ್ಲಿ ನಗು ಇತ್ತು. ‘ಇನ್ನ ನನ್ನ ಮನಸ್ಸಿನ್ಯಾಗ ಏನೂ ಇಲ್ಲ. ಆರಾಮ ಹೋಗಿ ಬಾ.’

‘ಅವ್ವಾ, ಬ್ರೇಕಿಗೆ ಯಾರರ…’ ಎಂದು ನಾನು ಬಾಯಿ ತೆರೆದೆ. ಅಂಕಿತಾಳ ಹಿಮ್ಮಡಿ ನನ್ನ ಹೆಬ್ಬೆರಳಿನ ಮೇಲೆ ಬಿತ್ತು. ಅವಳು ಬಗ್ಗಿ ಅವ್ವನ ಕಾಲು ಮುಟ್ಟಿದಳು. ನಾನು ಒಂಟಿ ಕಾಲಲ್ಲಿ ಕುಣಿದೆ.

ರಹಮಾನಸಾಬ ಡಿಸ್ಕುಗಳನ್ನು ತೊಳೆದು ಸ್ವಚ್ಛ ಮಾಡಿಕೊಟ್ಟ. ಕಬ್ಬಿಣ ಎಣ್ಣೆ ಕುಡಿಯುವುದಿಲ್ಲವಲ್ಲ. ಪ್ಯಾಡುಗಳನ್ನು ನೋಡಿ ಮಾತ್ರ ತಲೆ ಕೆರೆದುಕೊಂಡ.

‘ಬೆಂಕಿ ತೋರಿಸಿ ಎಣ್ಣಿ ಸುಟ್ಟುಬಿಡ್ಲೇನ್ರಿ?’

‘ಮ್ಯಾಲಿಂದು ಸುಡತೈತಿ. ಒಳಗ ಇಳದದ್ದು?’ ಎಂದಳು ಅಂಕಿತಾ. ‘ಬ್ಯಾಡ ಬಿಡ್ರಿ.’

ಅಂಥದ್ದೇ ಇನ್ನೊಂದು ಜೊತೆ ತರಿಸಲು ಹೊತ್ತಿರಲಿಲ್ಲ. ಗ್ಯಾರೇಜಿನಲ್ಲಿದ್ದದ್ದು ಒಂದು ಜೊತೆ ರೇಸಿನದು, ಉಳಿದವು ಊರಿನವು.

‘ಅವ್ವಗ ಹೇಳಬ್ಯಾಡ. ಊರಿಂದು ಹಾಕ್ಕೊಂಡು ಸುಮ್ನ ಹೋಗಿ ಬಾ,’ ಎಂದೆ ದಾರಿಯಲ್ಲಿ.

‘ಅತ್ತಿ ಹೂಂ ಅಂದದ್ದು ಆ ಪ್ಯಾಡಿಗೆ. ಬ್ಯಾರೇದು ಹಾಕ್ಕೊಂಡು ಹೋದ್ರ ಅದು ಅವರ ಹೂಂ ಅಲ್ಲ.’

‘ಪೂಜಿ ಮಾಡಿದ್ದನ್ನ ತಗದು ಒಗದ್ರು ಅಂತ ಮನಸ್ಸಿಗೆ ಹಚ್ಚಿಕೊಂಡ್ಲಂದ್ರ ನೀ ಹೋಗೋದೇ ತಪ್ಪತೈತಿ.’

‘ತಪ್ಪಲಿ.’

ತಪ್ಪಲಿ ಎಂದವಳ ದನಿ ಸಣ್ಣದಾಗಿತ್ತು. ಇಷ್ಟು ಆಸೆ ಇಟ್ಟುಕೊಂಡವಳು ಇಷ್ಟು ಹಟವನ್ನೂ ಏಕೆ ಇಟ್ಟುಕೊಳ್ಳಬೇಕು ಎಂದು ನನಗೆ ಸಿಟ್ಟು ಬಂತು.

ಮಂಗಳವಾರ ಗಾಣ ತಿರುಗುತ್ತಿತ್ತು. ಅವ್ವ ಪಕ್ಕದಲ್ಲಿ ಕುಳಿತು ಹಿಂಡಿ ಒಟ್ಟುತ್ತಿದ್ದಳು. ಮೋಟರಿನಿಂದ ಗಾಣಕ್ಕೆ ಹಾಕಿದ ಅಗಲವಾದ ಪಟ್ಟಾ ಸರಸರ ಓಡುತ್ತಿತ್ತು. ಅಂಕಿತಾ ಹೋಗಿ ಅವ್ವನ ಹತ್ತಿರ ಕುಳಿತಳು.

‘ಅತ್ತೀ, ಈ ಪಟ್ಟಾದ ಮ್ಯಾಲ ಎಣ್ಣಿ ಬಿದ್ರ ಏನಾಗತೈತ್ರಿ?’

‘ಏನಾಗತೈತಿ? ಜಾರತೈತಿ, ಗಾಣ ನಿಲ್ಲತೈತಿ. ಒಂದು ಹನಿ ಬಿದ್ರೂ ನಿಮ್ಮ ಮಾವ ಒದರಿ ಒದರಿ ಮನಿ ಒಂದು ಮಾಡತಿದ್ರು. ಇಲ್ಲಿ ಎಲ್ಲಾಕ್ಕೂ ಎಣ್ಣಿ ನಡಿತೈತಿ ಯವ್ವಾ, ಪಟ್ಟಾಕ್ಕಷ್ಟ ನಡಿಯಂಗಿಲ್ಲ. ಹಿಡಿಯೋ ವಸ್ತು ಅದು.’

ಅಂಕಿತಾ ಸೆರಗಿನಲ್ಲಿದ್ದ ಪ್ಯಾಡುಗಳನ್ನು ತೆಗೆದು ಅವ್ವನ ಮಡಿಲಲ್ಲಿಟ್ಟಳು. ‘ಇವೂ ಹಿಡಿಯೋ ವಸ್ತುನ ರೀ ಅತ್ತೀ.’

ಅವ್ವ ಪ್ಯಾಡು ನೋಡಿದಳು, ಪಟ್ಟಾ ನೋಡಿದಳು, ತನ್ನ ಬೆರಳುಗಳನ್ನು ನೋಡಿಕೊಂಡಳು. ಎದ್ದು ಒಳಗೆ ಹೋದಳು. ಅವತ್ತು ರಾತ್ರಿ ನನ್ನ ತಾಟಿಗೆ ರೊಟ್ಟಿ ಬಿದ್ದ ಸಪ್ಪಳದಲ್ಲೇ ಅವಳ ಮನಸ್ಸು ಗೊತ್ತಾಗುತ್ತಿತ್ತು. ಅಂಕಿತಾ ಟ್ರ್ಯಾಕಿಗೆಂದು ತುಂಬಿಟ್ಟಿದ್ದ ಚೀಲವನ್ನು ಬಿಚ್ಚಿ, ಬಟ್ಟೆಗಳನ್ನು ಮತ್ತೆ ಕಪಾಟಿನಲ್ಲಿಟ್ಟಳು. ನಾನು ನೋಡಿಯೂ ನೋಡದಂತಿದ್ದೆ.

ಮರುದಿನ ಮುಂಜಾನೆ ಅವ್ವ ಇಳಕಲ್ಲ ಸೀರೆ ಉಟ್ಟು, ಕೈಚೀಲ ಹಿಡಿದು ಕಾರಿನ ಹತ್ತಿರ ನಿಂತಿದ್ದಳು.

‘ನಡೀರಿ ರಹಮಾನಸಾಬನ ಕಡೆ. ಕೆಡಿಸಿದಾಕಿ ನಾನು, ಆರಸಾಕೀನೂ ನಾನೇ.’

ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕುಳಿತು, ಅವ್ವ ಪ್ಯಾಡುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡಳು. ಸಂತೆಯಲ್ಲಿ ಶೇಂಗಾ ನೋಡುವ ರೀತಿಯಲ್ಲೇ ಮೂಸಿದಳು, ಉಗುರಿನಿಂದ ಗೀರಿದಳು. ಪುಣ್ಯಕ್ಕೆ ಕಚ್ಚಿ ನೋಡಲಿಲ್ಲ.

‘ತಣ್ಣಗಿದ್ದಾಗ ಹಿಡಿಯಂಗಿಲ್ಲ ಅಂತಾರಲ್ಲ, ಅದು ಇದೇನು?’ ಎಂದು ರೇಸಿನ ಪ್ಯಾಡನ್ನು ಎತ್ತಿ ತೋರಿಸಿದಳು. ರೊಟ್ಟಿ ಬಡಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು!

‘ಹೌದ್ರಿ ಅಮ್ಮಾರ. ಆದ್ರ ಟ್ರ್ಯಾಕಿಗೆ ಇದೇ ಚಲೋ.’

‘ಟ್ರ್ಯಾಕಿಗೆ ನನ್ನ ಸೊಸಿ ಹಾರಿಕೊಂಡು ಹೋಗತಾಳೇನಪಾ? ಅಲ್ಲಿಮಟ ಹಾದಿ ಐತಿ, ಹಾದ್ಯಾಗ ಮಂದಿ ಅದಾರ. ಊರಿಂದು ಹಾಕು. ಕಾದ್ರ ನಿಲ್ಲಸಬೇಕು, ಆರಿದ ಮ್ಯಾಲ ಓಡಸಬೇಕು. ಗಾಣಾನೂ ಹಂಗ ನಡಸ್ತೀವಿ.’ ಆಮೇಲೆ ಅಂಕಿತಾಳ ಕಡೆ ತಿರುಗಿದಳು. ‘ಓಡಸೋ ಹುರುಪಿನ್ಯಾಗ ಕಾದದ್ದು ನಿನಗ ತಿಳಿಯಂಗಿಲ್ಲ. ನಾ ಬಂದು ಹೇಳತೀನಿ.’

‘ನೀವು ಬರ್ತೀರೇನ್ರಿ ಅತ್ತೀ?’

‘ಯಾಕ, ಗಾಡ್ಯಾಗ ಜಾಗ ಇಲ್ಲೇನು?’

‘ಹಂಗಾರ ಬ್ರೇಕ್ ಆಯಿಲ್ಲೂ ಹೊಸದು ಹಾಕತೀನ್ರಿ,’ ಎಂದ ರಹಮಾನಸಾಬ.

‘ಏ, ಮತ್ತ ಎಣ್ಣಿ ಹಾಕತೀಯಾ!’ ಎಂದು ಅವ್ವ ಎದ್ದೇ ನಿಂತಳು. ಅದು ಪೈಪಿನೊಳಗೆ ಇರುವುದು, ಹಳೆಯದಾದರೆ ಕುದ್ದು ಪೆಡಲ್ ಮೆತ್ತಗಾಗುತ್ತದೆ, ಪ್ಯಾಡಿಗೆ ತಾಗುವುದಿಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಅವನಿಗೆ ಬೆವರಿಳಿಯಿತು.

ಕೊಯಮತ್ತೂರಿನಲ್ಲಿ ಅವ್ವ ನೇರ ದಾರಿ ಮುಗಿಯುವ ತಿರುವಿನ ಬೇಲಿಯ ಹಿಂದೆ ನಿಂತಳು. ಅಲ್ಲಿಂದ ಸರಿಸಲು ಬಂದ ಟ್ರ್ಯಾಕಿನವನಿಗೆ ಒಂದು ಶೇಂಗಾ ಹೋಳಿಗೆ ಕೊಟ್ಟಳು. ಅವನು ತಿಂದು, ಹೋಗಿ ಕುರ್ಚಿ ತಂದುಕೊಟ್ಟ. ಕೆಂಪು ಕಾರು ಬ್ರೇಕ್ ಹಾಕಿ ತಿರುವಿಗಿಳಿದಾಗೆಲ್ಲ ಅವ್ವ ಮೂಗು ಎತ್ತುತ್ತಿದ್ದಳು.

‘ಪಟ್ಟಾ ಕಾದಂಗ ವಾಸನಿ ಬಂತು. ಬೀಸೋ!’

ನಾನು ಟಾವೆಲ್ ಬೀಸುತ್ತಿದ್ದೆ. ಅದು ನಮ್ಮ ಸನ್ನೆ. ಅಂಕಿತಾ ವೇಗ ಇಳಿಸಿ, ಒಂದು ಸುತ್ತು ನಿಧಾನವಾಗಿ ಬಂದು, ಬ್ರೇಕ್ ಆರಿದ ಮೇಲೆ ಮತ್ತೆ ಹಾರುತ್ತಿದ್ದಳು.

ಕೊನೆಯ ಸರದಿಯಲ್ಲಿ ಅವಳು ಬಂದ ವೇಗ ನೋಡಿ ಅವ್ವ ನನ್ನ ಮಣಿಕಟ್ಟು ಹಿಡಿದಳು. ಎದುರಿಗೆ ಅದೇ ಜಲ್ಲಿ. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಕಾರು ಮೂಗು ತಗ್ಗಿಸಿತು, ವೇಗ ಇಳಿಯಿತು, ಹೇಳಿದ ಮಾತು ಕೇಳುವ ಕರುವಿನ ಹಾಗೆ ತಿರುವಿಗೆ ಹೊರಳಿತು. ಜಲ್ಲಿಯ ಒಂದು ಕಲ್ಲೂ ಅಲುಗಲಿಲ್ಲ. ಅವ್ವ ಕೈ ಬಿಟ್ಟಾಗ ನನ್ನ ಮಣಿಕಟ್ಟಿನಲ್ಲಿ ಅವಳ ಉಗುರುಗಳ ಗುರುತು ಮೂಡಿತ್ತು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಅಂಕಿತಾ ಕಾರು ನಿಲ್ಲಿಸಿ ಹೆಲ್ಮೆಟ್ ತೆಗೆದಳು. ಬೆವರಿಗೆ ಕೂದಲು ನೆತ್ತಿಗೆ ಅಂಟಿತ್ತು, ಮುಖವೆಲ್ಲ ನಗು. ಅವ್ವ ಕೈಚೀಲದಿಂದ ಕುಸುಬಿ ಎಣ್ಣೆಯ ಬಾಟ್ಲಿ ತೆಗೆದಳು.

‘ಅವ್ವಾ, ಬ್ಯಾಡ ಬೇ!’ ಎಂದು ಕೂಗುತ್ತಾ ನಾನು ಓಡಿಹೋಗಿ ಚಕ್ರಕ್ಕೆ ಅಡ್ಡ ನಿಂತೆ.

ಅವ್ವ ನನ್ನ ಕಡೆ ನೋಡಲೂ ಇಲ್ಲ. ಸೊಸೆಯನ್ನು ಕೈಹಿಡಿದು ಕುರ್ಚಿಯಲ್ಲಿ ಕೂಡಿಸಿ, ಅಂಗೈ ತುಂಬ ಎಣ್ಣೆ ಸುರಿದುಕೊಂಡು ಅವಳ ನೆತ್ತಿಯ ಮೇಲೆ ಹಿಡಿದು ನಿಂತಳು.

‘ಇದಕ್ಕರ ಹಚ್ಚಬಹುದಿಲ್ಲೋ?’

‘ಹಚ್ಚರಿ ಅತ್ತೀ,’ ಎಂದು ಅಂಕಿತಾ ತಲೆ ಬಗ್ಗಿಸಿದಳು. ‘ಜರಾ ಹೆಚ್ಚಿಗೇನೇ ಹಚ್ಚರಿ.’