ಅತ್ತಿಗೆಯ ಮದುವೆಯ ಪ್ರಕಟಣೆ

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ತಾಂಡ್ಯದ ಫ್ಯಾಕ್ಟರಿಯಲ್ಲಿ ದುಡಿದು ನನ್ನ ಅಮ್ಮನನ್ನು ನೋಡಿಕೊಂಡರು. ಬೈಬಲ್ಲಿನಲ್ಲಿ, ಗಂಡ ಸತ್ತ ಮೇಲೂ ವಿಧವೆ ಅತ್ತೆಯನ್ನು ಬಿಟ್ಟುಹೋಗದ ಸೊಸೆಯೊಬ್ಬಳಿದ್ದಾಳೆ. ನಂಜನಗೂಡಿನ ನಮ್ಮ ಚರ್ಚಿನವರು ಅತ್ತಿಗೆಯನ್ನು ಅವಳಿಗೇ ಹೋಲಿಸಿ ಹೊಗಳುತ್ತಿದ್ದರು. ನರಸೀಪುರದ ಮೇಷ್ಟರೊಬ್ಬರು ಮದುವೆಗೆ ಕೇಳಿದಾಗ ಆ ಹೊಗಳಿಕೆಯೇ ಅಡ್ಡ ಬಂತು.

“ನಿಮ್ಮ ಬುಟ್ಟು ಎಂಗ್ ಓಗ್ಲಿ, ಅತ್ತೆ?” ಎಂದರು ಅತ್ತಿಗೆ.

“ಆ ಸೊಸೆನೂ ಆಮೇಲೆ ಮದ್ವೆ ಆದ್ಲು ಕಣವ್ವಾ. ಅದ್ನ ಯಾರೂ ಏಳಕಿಲ್ವಲ್ಲ!” ಎಂದು ಅಮ್ಮ ಗದರಿ ಒಪ್ಪಿಸಿದರು.

ಭಾನುವಾರ ಚರ್ಚಿನಲ್ಲಿ ಪಾದ್ರಿ ಅಯ್ಯನವರು ಮದುವೆಯ ಪ್ರಕಟಣೆ ಓದಿ, ಆಕ್ಷೇಪಣೆ ಇದ್ದವರು ಹೇಳಬಹುದು ಎಂದರು. ಅಮ್ಮ ಎದ್ದು ನಿಂತರು. ಅತ್ತಿಗೆಯ ಮುಖ ಬಿಳಿಚಿಕೊಂಡಿತು.

“ಎಣ್ಣಿನ ತಾಯಿ ನಾನು ಅಂತ್ಲೂ ಓದಿ, ಅಯ್ನೋರೇ.”

ಸೊಸೆಯ ನಂಬಿಗಸ್ತಿಕೆಯನ್ನೇ ಹೊಗಳಿಕೊಂಡಿದ್ದ ನಾನು, ಅತ್ತೆಗೂ ಅದಿರುತ್ತದೆ ಎಂದು ಯೋಚಿಸಿದ್ದು ಅಂದೇ.