ಬೀಗದೊಳಗಿನ ಬಳ್ಳಿ

ಕಸೂತಿಯಕ್ಕನ ಅಂಗಡಿಗೆ ಎರಡು ಬೀಗ. ಒಂದು ಬಾಗಿಲಿಗೆ, ಇನ್ನೊಂದು ಕಂಪ್ಯೂಟರಿನೊಳಗಿನ ಚಿತ್ರಗಳಿಗೆ. ಬಾಗಿಲಿನದನ್ನು ಹಾಕಲು ಅವಳು ಎಷ್ಟೋ ಸಲ ಮರೆತದ್ದುಂಟು.

ಅವಳ ಹೊಲಿಗೆಯಂತ್ರ ಕಂಪ್ಯೂಟರಿನ ಚಿತ್ರವನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ. ಸೂಜಿ ಎಲ್ಲಿ ಇಳಿಯಬೇಕು, ದಾರ ಯಾವ ಕಡೆ ಮಲಗಬೇಕು ಎಂದು ಅವಳು ವಾರಗಟ್ಟಲೆ ಕೂತು ಗುರುತು ಹಾಕುತ್ತಾಳೆ. ಆ ಚಿತ್ರಗಳಲ್ಲಿ ಅವಳ ಜೀವವೆಲ್ಲ ಒಂದು ಬಳ್ಳಿಯ ಮೇಲೆ. ತೀರಿಕೊಂಡ ಅಮ್ಮ ಬರೆದ ಬಳ್ಳಿ ಅದು. ಕಾಗದ ಮಡಿಕೆಗಳಲ್ಲಿ ಹರಿದು ಪುಡಿಯಾಗಿತ್ತು. ಎಲ್ಲ ಎಲೆಗಳೂ ಮೇಲೆ ನೋಡಿದರೆ ಒಂದು ಮಾತ್ರ ಕೆಳಗೆ ನೋಡುತ್ತಿತ್ತು. ಅಮ್ಮನ ಕೈ ತಪ್ಪಿದ್ದು. ಕಂಪ್ಯೂಟರಿಗೆ ಇಳಿಸುವಾಗ ಮಗಳು ಅದನ್ನು ತಿದ್ದಿರಲಿಲ್ಲ.

ಎದುರು ಅಂಗಡಿಯವನಿಗೆ ಅವಳಿಟ್ಟ ಹೆಸರು ಕನ್ನಡಿ. ಇಲ್ಲಿ ತೂಗುಹಾಕಿದ್ದು ಕೆಲವು ದಿನಕ್ಕೆ ಅಲ್ಲೂ ತೂಗುತ್ತಿತ್ತು. ಬಳ್ಳಿಯೂ ಅಲ್ಲಿ ಚಿಗುರಿದಾಗ ಅವಳು ವಕೀಲರ ಬಳಿ ಹೋದಳು. ತಿರುಗಿದ ಎಲೆಯನ್ನೂ ಹಾಗೆಯೇ ಹೊಲಿದಿದ್ದರೆ ನಕಲೆಂದು ತೋರಿಸುವುದು ಸುಲಭ ಎಂದರು ಅವರು. ಬಂದು ನೋಡಿದರೆ ಆ ಪುಣ್ಯಾತ್ಮ ಎಲೆಯನ್ನು ನೆಟ್ಟಗೆ ಮಾಡಿದ್ದ. ಬಳ್ಳಿಗಳು ಒಂದರ ಹಾಗೆ ಒಂದು ಇರೋದು ಸಹಜ ಅಲ್ವಾ ಅಂತ ಹಲ್ಲು ಬೇರೆ ಕಿರಿದ.

ಅವಳು ಮಾದರಿಗೆಂದು ತೂಗುಹಾಕಿದ್ದ ಬಳ್ಳಿಯ ಬಟ್ಟೆಯನ್ನೂ ಕಿತ್ತು ಮಾರಿಬಿಟ್ಟಳು. ತಂಗಿಯ ಗಂಡನನ್ನು ಕರೆಸಿ, ಚಿತ್ರಗಳು ಈ ಕಂಪ್ಯೂಟರ್ ಬಿಟ್ಟು ಬೇರೆಲ್ಲೂ ತೆರೆಯದಂತೆ ಬೀಗ ಹಾಕಿಸಿದಳು. ಬೀಗವಿಲ್ಲದ ಒಂದು ಪ್ರತಿ ಮನೆಯಲ್ಲಿ ಇಟ್ಟಿರೋಣ ಎಂದು ಅವನು ಹೇಳಿದ್ದಕ್ಕೆ ಉರಿದುಬಿದ್ದಳು. ನಕಲು ಎಂದರೆ ನಕಲು, ತಾನೇ ಮಾಡಿಕೊಂಡರೂ.

ಒಂದು ಮಧ್ಯಾಹ್ನ ಕಂಪ್ಯೂಟರ್ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ರಿಪೇರಿಯವನು ಒಳಗಿದ್ದದ್ದನ್ನೆಲ್ಲ ಹೊಸದಕ್ಕೆ ಹಾಕಿಕೊಟ್ಟ. ಚಿತ್ರಗಳೆಲ್ಲ ಇದ್ದವು, ಒಂದೂ ತೆರೆಯಲಿಲ್ಲ. ಬೀಗದ ಕಂಪನಿಗೆ ಫೋನ್ ಮಾಡಿದರೆ, ಒಡತಿ ನೀವೇ ಎಂಬುದಕ್ಕೆ ಪುರಾವೆಯಾಗಿ ಹಳೆಯ ಕಂಪ್ಯೂಟರಿನಿಂದಲೇ ಅರ್ಜಿ ಕಳಿಸಿ ಎಂದಿತು ಒಂದು ಇಂಪಾದ ದನಿ.

"ಸತ್ತೋರ ಕೈಲಿ ಸಹಿ ಹಾಕಿಸೋದು ಹೇಗಮ್ಮ?" ಎಂದಳು. ದನಿ ಧನ್ಯವಾದ ಹೇಳಿತು.

ಫೋನ್ ಕುಕ್ಕಿ, ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿದಳು.

"ನನ್ನ ಬಳ್ಳಿ ಕೊಡು."

ಕನ್ನಡಿ ಬೆವೆತುಹೋದ. ಸಂಗತಿ ತಿಳಿದ ಮೇಲೆ ನಗು ತಡೆಯುವುದೇ ಅವನಿಗೆ ಕಷ್ಟವಾಯಿತು. "ನಕಲು ಮಾಡಿಕೊಡೋದು ತಪ್ಪಲ್ವಾ ಅಕ್ಕ?"

"ಕದಿಯೋನು ಸರಿಯಾಗಾದ್ರೂ ಕದೀಬಾರ್ದಾ? ಆ ಎಲೆ ಯಾಕೋ ತಿದ್ದಿದೆ? ಮೊದಲು ತಿರುಗಿಸು."

ಅವನ ನಗು ಹೋಯಿತು. "ತಿರುಗಿಸಿದ್ರೆ ನಾನೇ ಸಾಕ್ಷಿ ಕೊಟ್ಟ ಹಾಗಾಗುತ್ತೆ. ನಿಮ್ಮ ವಕೀಲರು..."

"ವಕೀಲರ ಹತ್ರ ನಾನು ಮಾತಾಡ್ಕೋತೀನಿ, ನೀನು ಎಲೆ ನೋಡು. ಇನ್ನೂ ಕೆಳಗೆ. ಅಷ್ಟು ಬೇಡ. ಕಣ್ಣು ಎಲ್ಲಿಟ್ಟಿದೀಯ?"

ಅವನು ತಿರುಗಿಸಿದ, ಅವಳು ಬೈದಳು, ಮತ್ತೆ ತಿರುಗಿಸಿದ. ಅವನ ಕಂಪ್ಯೂಟರಿನ ಪರದೆಯ ಮೇಲೆ ಎಲೆ ಅಮ್ಮನ ಕೈ ಜಾರಿದಷ್ಟೇ ಜಾರಿ ನಿಂತಾಗ ಬೈಗುಳ ಅರ್ಧಕ್ಕೇ ನಿಂತಿತು.

ಅವನು ಪೆನ್‌ಡ್ರೈವ್ ಕೈಗಿಟ್ಟು, ತನ್ನ ಹತ್ತಿರ ಇರುವುದನ್ನು ಅಳಿಸಿಬಿಡಲೇ ಎಂದು ಕೇಳಿದ. ಇಷ್ಟು ದಿನ ಅವಳು ಬಯಸಿದ್ದು ಅದನ್ನೇ. ಎದುರಿಗೆ ಅವಳ ಅಂಗಡಿಯಲ್ಲಿ ಹೊಸ ಕಂಪ್ಯೂಟರ್ ಮಿನುಗುತ್ತಿತ್ತು. ಅದನ್ನು ನಂಬುವುದು ಹೇಗೆ?

"ಬೇಡ, ಇಟ್ಕೊಂಡಿರು," ಎಂದಳು ಹಲ್ಲು ಕಡಿಯುತ್ತ. "ಆದ್ರೆ ಹೊಲಿದೆಯೋ, ಕೈ ಮುರೀತೀನಿ."