ಹಿತ್ತಲಿನ ನೀರಿಗೆ ಬೇರೆ ಅಳತೆ

1941ರ ಏಪ್ರಿಲ್ 14, ಸೋಮವಾರ, ಬೆಳಿಗ್ಗೆ ಆರೂವರೆಗೆ ಕೊಪ್ಪಳದ ನಮ್ಮ ಮನೆಯ ಬಾವಿಗೆ ನೀರು ಸೇದುವ ಎರಡನೆಯ ಗಡಗಡೆ ಕೂಡಿಸಿದರು. ನನಗಾಗ ಹದಿನೈದು ವರ್ಷ. ದಿನಚರಿ ಬರೆಯುವ ಚಟ ಹತ್ತಿತ್ತು, ಹೊತ್ತನ್ನು ಅಜ್ಜನ ಗಡಿಯಾರ ನೋಡಿಯೇ ಬರೆಯುತ್ತಿದ್ದೆ. ಗಡಿಯಾರ ಹತ್ತು ನಿಮಿಷ ಮುಂದಿತ್ತು, ಆ ಹತ್ತು ನಿಮಿಷ ಕಳೆದೇ ಇಲ್ಲಿ ಬರೆದಿದ್ದೇನೆ.

ಅಜ್ಜನದು ಕಾಳುಕಡಿಯ ಅಂಗಡಿ. ಆ ಬೇಸಿಗೆಯಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ಬಾವಿಯ ಕೊಡದಲ್ಲಿ ರಾಡಿ ಬರತೊಡಗಿತು. ಹಿತ್ತಲಿನ ಹೀರೆಬಳ್ಳಿಯೇ ಅದಕ್ಕೆ ಕಾರಣವೆಂದು ಅಜ್ಜ ತೀರ್ಮಾನಿಸಿದ. ಬಳ್ಳಿ ಹಚ್ಚಿದವಳು ಅವನ ಕಿರಿಯ ಮಗಳು, ನನ್ನ ಸೋದರತ್ತೆ. ಅವಳನ್ನು ತಳಕಲ್ಲಿಗೆ ಕೊಟ್ಟಿತ್ತು. ಅಲ್ಲಿ ಮೂರು ಸಲ ಕಾಯಿಪಲ್ಯ ಹಾಕಿ ಮೂರು ಸಲವೂ ಒಣಗಿಸಿದ್ದಳು. ಇವಳ ಕೈಯಲ್ಲಿ ಹುಲ್ಲೂ ಹತ್ತುವುದಿಲ್ಲವೆಂದು ಅವಳ ಅತ್ತೆ ಓಣಿಗೆಲ್ಲ ಹೇಳಿದ್ದರಂತೆ. ಬಾಣಂತನಕ್ಕೆ ಬಂದವಳು, ಒಂದು ಬುಟ್ಟಿ ಹೀರೇಕಾಯಿ ಇಲ್ಲದೆ ತಿರುಗಿ ಹೋಗುವುದೇ ಇಲ್ಲ ಎಂದು ಕೂತಿದ್ದಳು.

"ನಿನ್ನ ಬಳ್ಳಿ ಇಡೀ ಬಾವಿ ಕುಡ್ಯಾಕತ್ತೇತಿ" ಎಂದ ಅಜ್ಜ.

"ನಿನ್ನ ಎಮ್ಮಿ ಏನ್ ಗಾಳಿ ಕುಡೀತೈತೇನಪಾ?" ಎಂದಳು ಅತ್ತೆ.

ಅಜ್ಜ ಒಮ್ಮೆ ಹೈದರಾಬಾದಿಗೆ ಹೋಗಿ ಬೀಗರ ಮನೆಯಲ್ಲಿ ನಳ ನೋಡಿ ಬಂದಿದ್ದ. "ಅಲ್ಲಿ ಮನೀ ನೀರಿಗೊಂದು ಮೀಟರು, ಹೊರಗಿನ ನೀರಿಗೊಂದು ಮೀಟರು. ಮುಳ್ಳು ತಿರಗತೈತಿ, ಲೆಕ್ಕ ತೋರಸತೈತಿ. ಜಗಳಾನ ಇಲ್ಲ."

"ನಮಗ ನಳಾನ ಇಲ್ಲಲ್ರಿ ಮಾವಾರ, ಮೀಟರ್ ಎಲ್ಲಿ ಕೂಡಸ್ತೀರಿ?" ಎಂದು ನನ್ನ ಅವ್ವ ಒಳಗಿನಿಂದ ಕೇಳಿದಳು.

"ಮುಳ್ಳಿಲ್ಲಂದ್ರ ಮನಷ್ಯಾ ಇಲ್ಲೇನು?"

ಹಾಗಾಗಿ ಎರಡನೆಯ ಗಡಗಡೆ ಬಂತು. ಅದರ ಹಗ್ಗಕ್ಕೆ ಕೆಮ್ಮಣ್ಣು ಬಳಿದರು. ಬಳ್ಳಿ, ಎಮ್ಮೆ, ಅಂಗಳಕ್ಕೆ ಚಳೆ ಹೊಡೆಯುವುದು, ಎಲ್ಲಕ್ಕೂ ಆ ಹಗ್ಗದ ನೀರೇ. ದಿನಕ್ಕೆ ಇಪ್ಪತ್ತು ಕೊಡ, ಎಂಟು ದಿನದ ಪರೀಕ್ಷೆ. ಮೀರಿದರೆ ಬಳ್ಳಿ ಕೀಳಿಸುವುದು. ಮೀಟರಾಗಿ ನೇಮಕವಾದವನು ನಮ್ಮ ಅಂಗಡಿಯಲ್ಲಿ ನಲವತ್ತು ವರ್ಷ ಸೇರಿನಿಂದ ಜೋಳ ಅಳೆದ ಮುದುಕ. ಅವನ ಎಣಿಕೆಯ ಮೇಲೆ ಅನುಮಾನಪಟ್ಟ ಗಿರಾಕಿ ಇರಲಿಲ್ಲ. ಅವನು ಸೇದಿ ಸುರಿಯುತ್ತ ಕೂಗಿದ್ದನ್ನು ಬರೆಯುವ ಕೆಲಸ ನನ್ನದು. ಬಿಸಿಲಿಗೆ ಅಂಜಿ ಅಡುಗೆಮನೆಯ ಹೊಸ್ತಿಲ ಒಳಗೇ ಕೂತು ಬರೆಯುತ್ತಿದ್ದೆ.

"ಲಾಭಾ... ಎರಡೋ... ಮೂರೋ..."

ಅಂಗಡಿಯಲ್ಲಿ ಮೊದಲ ಅಳತೆಗೆ ಒಂದು ಎನ್ನುವ ಪದ್ಧತಿಯಿಲ್ಲ, ಲಾಭ ಎನ್ನಬೇಕು. ಮೊದಲ ದಿನ ನಾನೂ ಪುಸ್ತಕದಲ್ಲಿ 'ಲಾಭ' ಎಂದೇ ಬರೆದು, ಆಮೇಲೆ ಕೂಡಿಸಲು ಬಾರದೆ ತಿದ್ದಿದೆ.

ಮೊದಲ ದಿನ ಹೊರಗೆ 17 ಕೊಡ, ಎರಡನೆಯ ದಿನ 18, ಮೂರನೆಯ ದಿನ 18. ಒಳಗಿನದನ್ನು ಅವ್ವ ಎಣಿಸಿದಳು, ದಿನಕ್ಕೆ 22. ಎಲ್ಲ ಕ್ರಮದಲ್ಲಿತ್ತು. ರಾಡಿ ಮಾತ್ರ ಎರಡಕ್ಕೆ ಬರುತ್ತಿದ್ದದ್ದು ಹನ್ನೊಂದಕ್ಕೇ ಬರತೊಡಗಿತು.

ಅಜ್ಜ ಮೊದಲು ನೆರೆಮನೆಯವರ ಗೋಡೆಯನ್ನು ಸುತ್ತಿ ನೋಡಿ ಬಂದ. ಆಮೇಲೆ ಬಾವಿಗೆ ತೂತು ಬಿದ್ದಿದೆಯೆಂದು ಒಬ್ಬನನ್ನು ಒಳಗಿಳಿಸಿದ. ಅವನು ನಮ್ಮ ಕಳೆದುಹೋದ ಎರಡು ಚರಿಗೆ ತೆಗೆದುಕೊಂಡು ಮೇಲೆ ಬಂದು, "ತೂತು ಇದ್ರೂ ನೀರು ಹೋಗೂದೆಲ್ಲಿಗ್ರಿ ಯಜಮಾನ್ರ, ಕೆಳಗ ಭೂಮೀನ ಐತಲ್ರಿ" ಎಂದ.

ಏಳನೆಯ ದಿನ, 20ರಂದು, ಅಜ್ಜ ತಾನೇ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ನಾನೂ ಪುಸ್ತಕ ಹಿಡಿದು ಪಕ್ಕಕ್ಕೆ ಕೂತೆ. ಮುದುಕ ಬಳ್ಳಿಗೆ ಐದು ಕೊಡ ಎಣಿಸಿ ಸುರಿದ. ಬಳಿಕ ಬಾಯಿ ಬಿಡದೆ ಇನ್ನೊಂದು ಸುರಿದ.

"ಇಷ್ಟ ಏನ್ ಕಾಕಾ? ಕೊಡಾನೂ ತುಂಬಿದ್ದಿಲ್ಲ" ಎಂದಳು ಅತ್ತೆ, ಸಂತೆಯಲ್ಲಿ ನಿಂತವಳಂತೆ.

ಮುದುಕ ಅಜ್ಜನ ಮುಖ ನೋಡಿದ. ಅಜ್ಜ ಕೈ ಬೀಸಿ, "ಹಾಕೋ, ಹಾಕು. ಗಿರಾಕಿ ಮಾರಿ ಸಣ್ಣದಾಗಬಾರ್ದು" ಎಂದ. ಇನ್ನೊಂದು ಕೊಡ ಬಿತ್ತು.

"ಅಜ್ಜಾ, ಇವೆರಡನ್ನೂ ಬರೀಲೇನು?" ಎಂದು ಕೇಳಿದೆ.

"ಅದು ಕೊಸರವ್ವಾ. ಕೊಸರು ಯಾರರ ಬರೀತಾರೇನು?"

ಅಳತೆ ಮುಗಿದ ಮೇಲೆ ಪುಕ್ಕಟೆ ಹಾಕುವುದನ್ನು ಎಣಿಸಬಾರದು, ಬರೆಯಬಾರದು. ಇದು ಅಜ್ಜನೇ ಅಂಗಡಿಯಲ್ಲಿ ಎಲ್ಲರಿಗೂ ಕಲಿಸಿದ್ದು. ಹಾಗೆ ಅಂದ ಅಜ್ಜ ಬಾವಿಯ ಕಡೆ ನೋಡಿದ, ಹಗ್ಗದ ಕಡೆ ನೋಡಿದ. ಅವ್ವ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಎಮ್ಮೆಗೂ ಅಂಗಳಕ್ಕೂ ಹೀಗೇ ಕೊಸರು ಬಿತ್ತು; ದಿನದ ಸರದಿಯೆಲ್ಲ ಮುಗಿದಾಗಿನ ಲೆಕ್ಕ ನನ್ನಲ್ಲಿದೆ: ಕೂಗಿದ್ದು 18, ಸುರಿದದ್ದು 25.

"ಏ, ನೀರಿಗೂ ಕೊಸರು ಹಾಕ್ತೀಯೇನೋ?" ಎಂದ ಅಜ್ಜ.

"ನೀವ ಕಲಿಸಿದ್ದಲ್ರೀ ಧಣ್ಯಾರ. ಕೈ ತಾನ ಹೋಗತೈತಿ. ಬ್ಯಾಡಂದ್ರ ನಾಳಿಂದ ಕೊಸರೂ ಎಣಿಸ್ತೀನಿ. ಅಂಗಡ್ಯಾಗೂ ಎಣಿಸ್ಲೇನ್ರಿ?"

ಅತ್ತೆ ಬಳ್ಳಿಯ ಬುಡದಲ್ಲಿ ಕೂತುಬಿಟ್ಟಳು, ಕೀಳಲು ಬಂದರೆ ತನ್ನನ್ನೂ ಸೇರಿಸಿ ಕೀಳಲಿ ಎಂಬಂತೆ.

"ಬರೀಬ್ಯಾಡ" ಎಂದ ಅಜ್ಜ ಕೊನೆಗೆ. "ಹದಿನೆಂಟ ಆಗೇತಿ. ಬಳ್ಳಿ ಇರಲಿ. ಎಮ್ಮೀನ ಕೆರಿಗೆ ಹೊಡೀರಿ, ಅಲ್ಲೆ ಕುಡೀಲಿ."

ಎಮ್ಮೆ ಕೆರೆಗೆ ಹೋಗತೊಡಗಿದ ಮೇಲೆ ರಾಡಿ ಮತ್ತೆ ಎರಡರ ಹೊತ್ತಿಗೇ ಬರತೊಡಗಿತು. ಮೇ 29ರಂದು ಅತ್ತೆ ಮಗುವನ್ನು ಒಂದು ಕಂಕುಳಲ್ಲಿ, ಹದಿಮೂರು ಹೀರೇಕಾಯಿಯ ಬುಟ್ಟಿಯನ್ನು ಇನ್ನೊಂದು ಕಂಕುಳಲ್ಲಿ ಹಿಡಿದು ತಳಕಲ್ಲಿಗೆ ಹೊರಟಳು. ವಾರದಲ್ಲಿ ಕಾಗದ ಬಂತು. ಅವಳ ಅತ್ತೆ ಒಂದೊಂದು ಕಾಯಿಯನ್ನೂ ಹೊರಳಿಸಿ ನೋಡಿ, "ಇರಕಲ್ಲಗಡ ಊರಿನ ಬೀಜ ಇರಬೇಕು, ಆ ಬೀಜ ಎಲ್ಲಿ ಒಗದ್ರೂ ಹತ್ತತೈತಿ" ಎಂದರಂತೆ. ಪಲ್ಯವನ್ನು ಮಾತ್ರ ಎರಡು ಸಲ ಹಾಕಿಸಿಕೊಂಡರಂತೆ. ಮುಂದಿನ ಸಾಲಿನಲ್ಲಿ ಅತ್ತೆ, ಅಲ್ಲಿಯೂ ಬಳ್ಳಿ ಹಚ್ಚಿದ್ದೇನೆ, ದಿನಕ್ಕೆ ಎಷ್ಟು ಕೊಡ ಹಾಕಬೇಕು, ನಿನ್ನ ಪುಸ್ತಕ ನೋಡಿ ತಿಳಿಸು ಎಂದು ಕೇಳಿದ್ದಳು.

ನನಗೆ ಉತ್ತರ ಬರೆಯಲಾಗಲಿಲ್ಲ. ಆರು ದಿನ ಕೊಸರು ಎಷ್ಟು ಬಿತ್ತೋ ಗೊತ್ತಿಲ್ಲ, ಎಮ್ಮೆ ಕುಡಿದದ್ದೆಷ್ಟು, ಬಳ್ಳಿ ಕುಡಿದದ್ದೆಷ್ಟು ಎಂದು ಬೇರೆ ಮಾಡಿಲ್ಲ. ಹಿತ್ತಲಿನ ನೀರನ್ನು ನಿಜವಾದ ಮೀಟರಿನಿಂದ ಅಳೆದವರು, ಅಥವಾ ಎರೆಭೂಮಿಯಲ್ಲಿ ಬೇಸಿಗೆ ಹೀರೆ ಬೆಳೆದವರು ಯಾರಾದರೂ ಇದನ್ನು ಓದಿದ್ದರೆ, ಒಂದು ಬಳ್ಳಿಗೆ ದಿನಕ್ಕೆ ಎಷ್ಟು ಬೇಕೆಂದು ಸಂಪಾದಕರ ಮೂಲಕ ಒಂದು ಕಾರ್ಡು ಬರೆಯಬೇಕು. ನಿಮ್ಮ ಕೊಡ ಎಷ್ಟು ದೊಡ್ಡದು ಎಂಬುದನ್ನೂ ಸೇರಿಸಿರಿ.